ಇಂದಿನ ಧಮ್ಮ ಚಿಂತನೆ: ಕಾಲೊರೆಸುವ ಬಟ್ಟೆ

 

ಹೋದ ಭಾನುವಾರ ನಮ್ಮ ಅಧ್ಯಯನ ಕೂಟ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಒಬ್ಬ ಉಪಾಸಿಕೆ ನನ್ನನ್ನು ಬದಿಗೆ ಕರೆದು, "ಸರ್, ನಮ್ಮ ಹುಡುಗ ಮೂರನೇತ್ತಾ ಅದಾನ್ರಿ. ಇನ್ನೂ ಒಂದು ಸಾಲು ಓದಾಕ ಬರವಲ್ದು. ವಿದ್ಯೆ ಅವನ ಹಣ್ಯಾಗ ಬರದಿಲ್ಲ ಅನ್ನಸ್ತೈತ್ರಿ" ಅಂದರು. ಪಂಚಶೀಲ ಹೇಳಿ ಹತ್ತು ನಿಮಿಷ ಆಗಿರಲಿಲ್ಲ. ಹಣೆಬರಹವನ್ನು ಧಮ್ಮ ಸ್ವೀಕರಿಸಿದ ದಿನವೇ ಬಿಟ್ಟು ಬಂದೆವು ಅಂದುಕೊಂಡಿರುತ್ತೇವೆ. ಮಕ್ಕಳ ಓದಿನ ಮಾತು ಬಂದಾಗ ಅದು ಹಿತ್ತಲ ಬಾಗಿಲಿನಿಂದ ಬಂದು ಒಳಗೆ ಕೂತಿರುತ್ತದೆ. ಆ ತಾಯಿಗೆ ನಾನು ಅವತ್ತು "ಆಗ್ತದ ಬಿಡ್ರಿ ಅವ್ವಾರ, ಇನ್ನೂ ಸಣ್ಣಾವ" ಎಂದು ಸುಮ್ಮನೆ ಹೇಳಿ ಕಳಿಸಿದೆ. ಅದು ಉತ್ತರವಲ್ಲ. ಉತ್ತರ ಕೊಡಲು ಇವತ್ತು ಪ್ರಯತ್ನಿಸುತ್ತೇನೆ.

ಬುದ್ಧರ ಸಂಘದಲ್ಲಿ ಚೂಳಪಂಥಕ ಎಂಬ ಭಿಕ್ಖು ಇದ್ದ. ರಾಜಗೃಹದ ಶ್ರೀಮಂತ ಶ್ರೇಷ್ಠಿಯ ಮಗಳು ಮನೆಯ ದಾಸನೊಬ್ಬನನ್ನು ಮೆಚ್ಚಿ, ಅವನ ಜೊತೆ ಊರು ಬಿಟ್ಟು ಹೋದಳು. ಅವರಿಗೆ ದಾರಿಯಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಮಹಾಪಂಥಕ ಮತ್ತು ಚೂಳಪಂಥಕ. ಪಂಥ ಅಂದರೆ ದಾರಿ. ದಾಸನಿಗೆ ಹುಟ್ಟಿದ, ದಾರಿಯಲ್ಲಿ ಹುಟ್ಟಿದ ಮಕ್ಕಳು. ಇದನ್ನು ನಾವು ಗಮನಿಸದೆ ಹೋಗಬಾರದು. ದೊಡ್ಡವನು ಮೊದಲು ಸಂಘ ಸೇರಿ ಪಾರಂಗತನಾದ. ತಮ್ಮನನ್ನೂ ಕರೆತಂದು ಒಂದು ಗಾಥೆ ಬಾಯಿಪಾಠ ಮಾಡಲು ಕೊಟ್ಟ. ನಾಲ್ಕು ಸಾಲಿನ ಗಾಥೆ. ನಾಲ್ಕು ತಿಂಗಳಾದರೂ ಬರಲಿಲ್ಲ. ಎರಡನೇ ಸಾಲು ಕಲಿತರೆ ಮೊದಲನೆಯದು ಮರೆತು ಹೋಗುತ್ತಿತ್ತು. ಅಣ್ಣ ಬೇಸತ್ತು, "ನಿನಗೆ ಇಲ್ಲಿ ಜಾಗ ಇಲ್ಲ, ಮನೆಗೆ ನಡಿ" ಎಂದು ಹೊರಗೆ ಹಾಕಿದ.

ಗುರು ಕೆಟ್ಟವನಲ್ಲ, ಅರಹಂತ. ಸ್ವಂತ ಅಣ್ಣ ಬೇರೆ. ಆದರೂ ಆ ಮಾತು ಅವನ ಬಾಯಿಂದ ಬಂತು. ನಾನೂ ಶಿಕ್ಷಕನಾದ್ದರಿಂದ ಈ ಕಥೆಯಲ್ಲಿ ಮೊದಲು ನನಗೆ ಕಾಣುವುದು ಆ ಅಣ್ಣನೇ.

ಮುಂದಿನದನ್ನು ಥೇರಗಾಥೆಯಲ್ಲಿ ಚೂಳಪಂಥಕನೇ ಹೇಳಿಕೊಂಡಿದ್ದಾನೆ. ವಿಹಾರದ ಬಾಗಿಲಲ್ಲಿ ಅವನು ನಿಂತಿದ್ದಾಗ ಭಗವಾನರು ಬಂದರು, ತಲೆ ನೇವರಿಸಿದರು, ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು, ಕಾಲೊರೆಸುವ ಒಂದು ಬಟ್ಟೆ ಕೊಟ್ಟು ಅದರಲ್ಲೇ ಮನಸ್ಸಿಡು ಎಂದರು. ಅಟ್ಠಕಥೆಯ ಪ್ರಕಾರ ಅದು ಶುಭ್ರ ಬಟ್ಟೆ. ಅದನ್ನು ಕೈಯಲ್ಲಿ ಉಜ್ಜುತ್ತ "ರಜೋಹರಣಂ", ಅಂದರೆ ಕೊಳೆ ತೆಗೆಯುವುದು, ಎಂಬ ಒಂದೇ ಮಾತನ್ನು ಹೇಳುತ್ತ ಕೂಡಬೇಕು. ಉಜ್ಜಿ ಉಜ್ಜಿ ಬಿಳಿ ಬಟ್ಟೆ ಮಾಸಿತು. ಶುಭ್ರವಾಗಿದ್ದದ್ದು ಹೀಗಾಯಿತಲ್ಲ ಎಂದು ನೋಡುತ್ತ ನೋಡುತ್ತ ಅನಿತ್ಯ ಎಂದರೆ ಏನೆಂದು ಅವನಿಗೆ ತಿಳಿಯಿತು. ನಾಲ್ಕು ತಿಂಗಳು ಕಿವಿಯಿಂದ ಒಳಗೆ ಹೋಗದ್ದು ಒಂದು ಬೆಳಗ್ಗೆ ಕೈಯಿಂದ ಹೋಯಿತು. ಶಿಷ್ಯ ಅವನೇ, ಧಮ್ಮವೂ ಅದೇ. ಬದಲಾದದ್ದು ಕಲಿಸಿದ ರೀತಿ ಮಾತ್ರ.

ಅದೇ ದಿನ ಜೀವಕನ ಮಾವಿನ ತೋಪಿನಲ್ಲಿ ಸಂಘಕ್ಕೆ ಊಟವಿತ್ತು. ಅಣ್ಣ ತಮ್ಮನ ಹೆಸರು ಕೊಟ್ಟಿರಲಿಲ್ಲ. ಜೀವಕ ದಾನದ ನೀರು ಬಿಡಲು ಬಂದರೆ ಬುದ್ಧರು ಪಾತ್ರೆಗೆ ಕೈ ಮುಚ್ಚಿದರು: ವಿಹಾರದಲ್ಲಿ ಇನ್ನೂ ಒಬ್ಬ ಉಳಿದಿದ್ದಾನೆ, ಅವನನ್ನು ಕರೆಸಿ. ಅವನು ಬರುವ ತನಕ ಊಟ ಶುರುವಾಗಲಿಲ್ಲ. ಇಲ್ಲಿ ಬರುವ ಪವಾಡಗಳನ್ನು ನಾನು ಬಿಡುತ್ತೇನೆ, ನನಗೆ ಈ ಮುಚ್ಚಿದ ಕೈ ಸಾಕು. ಅಟ್ಠಕಥೆಯವರು ಸೇರಿಸಿರುವ ಇನ್ನೊಂದು ಮಾತನ್ನೂ ಬಿಡಲೇಬೇಕು. ಹಿಂದಿನ ಜನ್ಮದಲ್ಲಿ ಮಂದಬುದ್ಧಿಯ ಭಿಕ್ಖುವೊಬ್ಬನನ್ನು ನೋಡಿ ನಕ್ಕ ಪಾಪಕ್ಕೆ ಇವನು ಹೀಗೆ ಹುಟ್ಟಿದ ಎನ್ನುತ್ತಾರೆ. ಇದನ್ನು ಒಪ್ಪಿದರೆ ನಮ್ಮ ಹಣೆಬರಹಕ್ಕೂ ಇದಕ್ಕೂ ಏನು ವ್ಯತ್ಯಾಸ? ಬಡತನ, ಕೀಳು ಸ್ಥಿತಿ ಎಲ್ಲವನ್ನೂ ಪೂರ್ವಜನ್ಮದ ತಲೆಗೆ ಕಟ್ಟಿದರೆ ಈ ಜನ್ಮದಲ್ಲಿ ಯಾರೂ ಹೊಣೆ ಹೊರಬೇಕಾಗಿಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮದ ಈ ವಾದವನ್ನು ಬಿಡಿಸಿ ನೋಡಿ ತಿರಸ್ಕರಿಸಿದ್ದು ಸುಮ್ಮನೆ ಅಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ನಲಿ–ಕಲಿ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಮೂರನೇ ತರಗತಿ. ನಮ್ಮದೇ ಓಣಿಯವನು, ನಮ್ಮವನೇ. ಓದಲು ನಿಲ್ಲಿಸಿದರೆ ಅಂಗಿಯ ತುದಿ ಹಿಡಿದು ತಿರುವುತ್ತ ನಿಲ್ಲುತ್ತಿದ್ದ. ಒಂದು ದಿನ ಎಲ್ಲರ ಎದುರು, "ನೀ ದಡ್ಡಪ್ಪಾ, ಕುಂಡ್ರು" ಅಂದುಬಿಟ್ಟೆ. ಅವನು ಕೂತ. ಮರುದಿನದಿಂದ ಶಾಲೆಗೆ ಬಂದರೂ ಬಾಯಿ ಬಿಡಲಿಲ್ಲ. ಬೇರೆ ಜಾತಿಯ ಶಿಕ್ಷಕರು ಈ ಮಾತು ಹೇಳಿದ್ದರೆ ನಾನು ಏನೇನು ಅನ್ನುತ್ತಿದ್ದೆನೋ.

ಹದಿನೈದು ದಿನ ಆದ ಮೇಲೆ ಮನಸ್ಸು ತಡೆಯದೆ, ಬಿಸಿಯೂಟದ ನಂತರ ಅವನ ಪಕ್ಕ ನೆಲದ ಮೇಲೆ ಕೂತೆ. ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಿಂದ 'ಹೆಸರು' ಎಂದು ಬರೆದು ಓದು ಅಂದೆ. "ಹಸರ" ಅಂದ. 'ಕಡಲೆ' ಬರೆದೆ. "ಕಡಲ." 'ಜೋಳ'ಕ್ಕೆ "ಜಳ." ಆಗ ನನ್ನ ತಲೆಗೆ ಹೊಳೆಯಿತು. ಹುಡುಗನಿಗೆ ಅಕ್ಷರ ಎಲ್ಲ ಗೊತ್ತು. ಏತ್ವ, ಕೊಂಬು, ಓತ್ವ ಗೊತ್ತಿಲ್ಲ. ಕಾಗುಣಿತ ಪೂರಾ ಬಿಟ್ಟುಹೋಗಿದೆ. ಯಾವಾಗ ಬಿಟ್ಟುಹೋಯಿತು ಎಂದು ಹಾಜರಿ ಪುಸ್ತಕ ತೆಗೆದರೆ ಅಲ್ಲೇ ಇತ್ತು. ಎರಡನೇ ತರಗತಿಯಲ್ಲಿ ಶ್ರಾವಣ ಮುಗಿಯುವ ಹೊತ್ತಿಗೆ ಹೆಸರುಕಾಯಿ ಬಿಡಿಸಲು ಅವ್ವನ ಜೊತೆ ಹೊಲಕ್ಕೆ ಹೋಗಿದ್ದ. ದಸರಾ ಮುಗಿದ ಮೇಲೆ ಅಪ್ಪ ಅವ್ವ ದುಡಿಯಲು ಗೋವಾಕ್ಕೆ ಹೊರಟಾಗ ಅವರ ಜೊತೆ ಹೋಗಿ, ಕಡಲೆ ಸುಗ್ಗಿಗೆ ತಿರುಗಿ ಬಂದಿದ್ದ. ಉಳಿದ ಮಕ್ಕಳು ಕಾಗುಣಿತ ಕಲಿತದ್ದು ಆ ತಿಂಗಳುಗಳಲ್ಲೇ.

ಕನ್ನಡದಲ್ಲಿ 49 ವರ್ಣ. ಅವನ್ನು ಕಲಿತರೆ ಅರ್ಧ ದಾರಿ ಮಾತ್ರ. 34 ವ್ಯಂಜನಗಳಿಗೆ ಸ್ವರಚಿಹ್ನೆ ಹತ್ತಿದಾಗ ದನಿ ಹೇಗೆ ತಿರುಗುತ್ತದೆ ಎಂಬುದು ಗೊತ್ತಾಗದೆ ಒಂದು ವಾಕ್ಯವೂ ಬಾಯಿಗೆ ಬರುವುದಿಲ್ಲ. ನಲಿ–ಕಲಿಯಲ್ಲಿ ಕಲಿಕಾ ಏಣಿ ಇಟ್ಟಿರುವುದೇ ಇಂಥ ಮಕ್ಕಳಿಗಾಗಿ: ಮಗು ಎಷ್ಟು ದಿನ ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಈ ಪದ್ಧತಿ ಶುರು ಮಾಡಿದ್ದು, ಮಧ್ಯೆ ಮಧ್ಯೆ ಶಾಲೆ ತಪ್ಪುವ ಇಂಥ ಮಕ್ಕಳನ್ನು ಕಣ್ಣಾರೆ ಕಂಡೇ. ನಾನು ಅವನನ್ನು ಓರಗೆಯವರ ಮೆಟ್ಟಿಲಿನ ಮೇಲೆ ನಿಲ್ಲಿಸಿ, ಹತ್ತಲಿಲ್ಲ ಎಂದು ಬೈದೆ. ಹೆಸರು ಬಿಡಿಸಲು ಹೋದ ಹುಡುಗನಿಗೆ 'ಹೆಸರು' ಓದಲು ಬರಲಿಲ್ಲ, ನಾನು ಅವನಿಗೆ ದಡ್ಡ ಎಂಬ ಹೆಸರು ಕೊಟ್ಟೆ.

ಆಮೇಲೆ ದಿನಾ ಹದಿನೈದು ನಿಮಿಷ ನೆಲದ ಮೇಲೆ ಬರೆದು ಒರೆಸಿದೆವು. ಒಂದು ದಿನಕ್ಕೆ ಒಂದೇ ಚಿಹ್ನೆ. ಅವನಿಗೆ ಗೊತ್ತಿರುವ ಶಬ್ದಗಳೇ: ಕುಂಟಿ, ಕೂರಿಗಿ, ರೊಟ್ಟಿ, ಕೋಳಿ, ಗೋವಾ. ಸಂಕ್ರಾಂತಿ ಹೊತ್ತಿಗೆ ಸಣ್ಣ ಕಥೆ ಓದತೊಡಗಿದ. ದೊಡ್ಡ ಸಾಧನೆ ಎಂದು ಹೇಳುತ್ತಿಲ್ಲ. ಆರನೇ ತರಗತಿಯಲ್ಲೂ ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತಿದ್ದ. ಆದರೆ ಓದುತ್ತಿದ್ದ.

ಅರ್ಧ ಕೆಲಸ ಮಾಡಿದವಳು ಅವನ ಅವ್ವ. ಅವಳಿಗೆ ಓದಲು ಬರುವುದಿಲ್ಲ. "ನಾ ಏನ್ ಹೇಳಿಕೊಡ್ಲಿ ಸರ್" ಅಂದಳು. "ಏನೂ ಹೇಳಿಕೊಡಬ್ಯಾಡ ತಂಗಿ, ರೊಟ್ಟಿ ಬಡಿಯೂ ಮುಂದ ಅವ ಓದತಾನ, ನೀ ಕೇಳು" ಅಂದೆ. ಅವಳು ಕೇಳಿದಳು. ಹುಡುಗ ನಿಂತರೆ "ಮುಂದ?" ಅನ್ನುತ್ತಿದ್ದಳಂತೆ. ಕಥೆಯಲ್ಲಿ ನರಿಗೆ ಏನಾಯಿತು ಎಂದು ಅವಳಿಗೂ ತಿಳಿಯಬೇಕಿತ್ತು. ತನಗೆ ಓದಿ ಹೇಳು ಎಂದು ಕಾಯುವ ಒಬ್ಬರು ಇದ್ದಾರೆ ಅನ್ನುವುದು ಏಳೆಂಟು ವರ್ಷದ ಮಗುವಿಗೆ ಯಾವ ಟ್ಯೂಷನ್‌ಗಿಂತಲೂ ದೊಡ್ಡದು.

ಬಾಬಾಸಾಹೇಬರ ಬಾಲ್ಯದಲ್ಲೂ ಒಂದು ಬಟ್ಟೆ ಇದೆ, ನಿಮಗೆಲ್ಲ ಗೊತ್ತು. ಸಾತಾರಾದ ಶಾಲೆಯಲ್ಲಿ ಭೀಮನಿಗೆ ಕೂಡಲು ಬೇರೆ ಗೋಣಿತಟ್ಟು. ಶಾಲೆ ಗುಡಿಸುವ ಆಳು ಕೂಡ ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಮನೆಗೆ ಒಯ್ದು, ಬೆಳಗ್ಗೆ ತರಬೇಕು. ಅಲ್ಲಿ ತೋಳು ಹಿಡಿದು ಒಳಗೆ ಕರೆಯುವವರು ಇರಲಿಲ್ಲ. ಮನೆಯಲ್ಲಿ ಅಪ್ಪ ರಾಮಜಿ ಇದ್ದರು. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಮದುವೆಯಾದ ಮಗಳ ಮನೆಗೆ ಹೋಗಿ ಸಾಲ ತರುತ್ತಿದ್ದರು. ಮುಂಬಯಿಯ ಪರೇಲಿನ ಒಂದೇ ಕೋಣೆಯಲ್ಲಿ ಮಗ ಬೇಗ ಮಲಗಲಿ ಎಂದು ತಾವು ಎದ್ದಿದ್ದು, ನಸುಕಿನ ಎರಡು ಗಂಟೆಗೆ ಅವನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಏಪ್ರಿಲ್ 14ಕ್ಕೆ ನಾವು ಬ್ಯಾನರ್ ಮೇಲೆ ಶಿಕ್ಷಣ, ಸಂಘಟನೆ, ಹೋರಾಟ ಎಂದು ಬರೆಸುತ್ತೇವೆ. ಅದರ ಮೊದಲ ಶಬ್ದ ನಮ್ಮ ಮನೆಯಲ್ಲಿ ಎರಡನೇ ತರಗತಿಯ ಕಾಗುಣಿತದ ಹತ್ತಿರ ನಿಂತಿರಬಹುದು, ಒಮ್ಮೆ ನೋಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಾಲ್ಕನೇ ತರಗತಿಯಿಂದ ಪರಿಸರ ಅಧ್ಯಯನವಾಗಲಿ ಲೆಕ್ಕವಾಗಲಿ ಮಗು ತಾನೇ ಓದಿ ತಿಳಿಯಬೇಕು. ಓದು ಬಾರದವನು ಎಲ್ಲ ವಿಷಯದಲ್ಲೂ ಒಟ್ಟಿಗೆ ಹಿಂದೆ ಬೀಳುತ್ತಾನೆ. ಸರ್ಕಾರವೇ 2021ರಲ್ಲಿ ನಿಪುಣ ಭಾರತ ಶುರು ಮಾಡಿ, 2026–27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ತಿಳಿದು ಓದಲು ಬರಬೇಕು ಎಂದು ಗುರಿ ಇಟ್ಟುಕೊಂಡಿದೆ. ಗುರಿ ಅವರದು, ಮಗು ನಮ್ಮದು.

ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಇದು: ಮಗನನ್ನು ಪಕ್ಕ ಕೂಡಿಸಿಕೊಂಡು ಎಲ್ಲಿ ನಿಲ್ಲುತ್ತಾನೆ ನೋಡಬೇಕು. ನಿಮಗೆ ಓದಲು ಬಾರದಿದ್ದರೆ ಅವನ ಅಕ್ಕನೋ ಓಣಿಯ ಕಾಲೇಜು ಹುಡುಗನೋ ನೋಡಲಿ. ಅಕ್ಷರದಲ್ಲಿ ನಿಲ್ಲುತ್ತಾನೋ, ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ? ಹಲಗೆ ಮೇಲಿನದು ಕಾಣುತ್ತದೋ ಇಲ್ಲವೋ ಅದನ್ನೂ ಕೇಳಿ. ಕಣ್ಣಿನ ದೋಷವನ್ನೇ ದಡ್ಡತನ ಎಂದುಕೊಂಡವರು ಬಹಳ ಜನ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದ ದಿನ ಹುಡುಗ ತಪ್ಪಿಸಬಾರದು. ಲೆಕ್ಕಕ್ಕೆ ಹುಣಸೆ ಬೀಜ ಕೊಡಿ. ಹತ್ತರ ಗುಂಪು ಮಾಡಿ ಇಟ್ಟರೆ ದಶಕ ಎಂಬುದು ಕೈಗೆ ಸಿಗುತ್ತದೆ. ಬಾಯಿಪಾಠದ ಮಗ್ಗಿ ಆಮೇಲೆ ಬರಲಿ.

ಬುದ್ಧರು ಮಗ ರಾಹುಲನಿಗೆ ಪಾಠ ಹೇಳಿದ್ದೂ ಹೀಗೇ. ಸಂಘಕ್ಕೆ ಬಂದಾಗ ರಾಹುಲನಿಗೆ ಏಳು ವರ್ಷ ಎಂದು ಸಂಪ್ರದಾಯ, ನಮ್ಮ ಎರಡನೇ ತರಗತಿಯ ವಯಸ್ಸು. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ಅದನ್ನೇ ತೋರಿಸಿ, ಆಮೇಲೆ ಚೆಲ್ಲಿ, ಪಾತ್ರೆ ಬೋರಲು ಹಾಕಿ, ತಿಳಿದೂ ಸುಳ್ಳು ಹೇಳುವವನ ಬಾಳು ಏನಾಗುತ್ತದೆ ಎಂದು ಹೇಳಿದರು. ನಮ್ಮ ಪಕ್ಕದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಶಾಸನ ಬರೆಸಿದ ಅಶೋಕ, ರಾಜಸ್ಥಾನದ ಬೈರಾಟಿನ ಶಾಸನದಲ್ಲಿ, ಎಲ್ಲರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳಲ್ಲಿ ರಾಹುಲನ ಈ ಪಾಠವನ್ನೂ ಹೆಸರಿಸಿದ್ದಾನೆ. ಮಗುವಿಗೆ ಹೇಳಿದ ಪಾಠ ಅದು.

ಇನ್ನೊಂದು ಮಾತು, ಕನ್ನಡ ಎಂ.ಎ. ಓದಿದ ನನಗೆ ಬಹಳ ತಡವಾಗಿ ತಿಳಿದದ್ದು. ಮನೆಯ ಚಿತ್ರದ ಕೆಳಗೆ 'ಮನೆ' ಎಂದಿರುತ್ತದೆ, ನಮ್ಮ ಮಗು "ಮನಿ" ಎಂದು ಓದುತ್ತದೆ. 'ಎಲೆ'ಗೆ "ಎಲಿ". ಮೊದಲು ನಾನು ತಪ್ಪು ಹಾಕುತ್ತಿದ್ದೆ. ತಪ್ಪಲ್ಲ ಅದು. "ಮನ" ಎಂದು ಓದಿದ ಮಗುವಿಗೆ ಚಿಹ್ನೆ ಗೊತ್ತಿಲ್ಲ. "ಮನಿ" ಎಂದ ಮಗು ಓದಿ, ಅರ್ಥ ಮಾಡಿಕೊಂಡು, ತನ್ನ ಅವ್ವನ ಮಾತಿನಲ್ಲಿ ಹೇಳಿದೆ. ಬರಹದಲ್ಲಿ ಹೀಗೆ ಎಂದು ಮೆಲ್ಲಗೆ ತೋರಿಸಿದರೆ ಸಾಕು. ಬುದ್ಧವಚನವನ್ನು ಛಂದಸ್ಸಿನ ಭಾಷೆಗೆ ಏರಿಸುತ್ತೇವೆ ಎಂದು ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಖುಗಳು ಕೇಳಿದಾಗ ಬುದ್ಧರು ಅವರನ್ನು ಗದರಿ, ತಮ್ಮ ನುಡಿಯಲ್ಲೇ ಕಲಿಯಲಿ ಎಂದರೆಂದು ಚುಲ್ಲವಗ್ಗದಲ್ಲಿದೆ. ಹಾಗೆಂದು ಇಂಗ್ಲಿಷ್ ಬೇಡ ಎನ್ನುವವನಲ್ಲ ನಾನು. ಇಂಗ್ಲಿಷ್ ಬೇಕೇ ಬೇಕು, ಬಾಬಾಸಾಹೇಬರು ಜಗತ್ತಿನ ಜೊತೆ ವಾದ ಮಾಡಿದ್ದು ಅದರಲ್ಲೇ. ಆದರೆ ಸಾಲ ಮಾಡಿ ಕಾನ್ವೆಂಟಿಗೆ ಹಾಕಿ, ಮಗು ಅರ್ಥವಿಲ್ಲದೆ ರೈಮ್ಸ್ ಹೇಳುವುದನ್ನೇ ಓದು ಎಂದು ತಿಳಿಯಬೇಡಿ. ಒಂದು ನುಡಿಯಲ್ಲಿ ಓದಿ ತಿಳಿಯುವುದು ಬಂದವನಿಗೆ ಇನ್ನೊಂದು ಬೇಗ ಬರುತ್ತದೆ.

ಬರುವ ಭಾನುವಾರದಿಂದ ವಂದನೆಗೆ ಮೊದಲು ಅರ್ಧ ತಾಸು ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಮೀಸಲು. ಸೀಮೆಸುಣ್ಣ, ಕಥೆ ಪುಸ್ತಕ ನಾನು ತರುತ್ತೇನೆ. ಹೆಸರು ಬಿಡಿಸಲು ಹೋಗುವ ಮನೆಯವರು ಮೊದಲೇ ಹೇಳಿ, ಆ ಮಕ್ಕಳಿಗೆ ಸಂಜೆ ನೋಡೋಣ. ಹೋದ ಭಾನುವಾರ ಕೇಳಿದ ಅವ್ವಾರು ಮಗನನ್ನು ಕರೆದುಕೊಂಡು ಬನ್ನಿ. ಅವನು ಬಂದ ಮೇಲೆಯೇ ಶುರು ಮಾಡುತ್ತೇವೆ.

ಭವತು ಸಬ್ಬ ಮಂಗಲಂ. ಜೈ ಭೀಮ್.