ಬೀಗದ ಕೈ ಯಾರ ಕೈಯಲ್ಲಿದೆ?

ಇಂದಿನ ಧಮ್ಮ ಚಿಂತನೆ



ಮಹಾಪರಿನಿಬ್ಬಾಣ ಸುತ್ತದಲ್ಲಿ ಒಂದು ಪ್ರಸಂಗ ಬರುತ್ತದೆ. ಭಗವಾನ್ ಬುದ್ಧರಿಗೆ ಆಗ 80 ವರ್ಷ. ವೈಶಾಲಿಯ ಹತ್ತಿರದ ಬೇಲುವ ಗ್ರಾಮದಲ್ಲಿ ಮಳೆಗಾಲ ಕಳೆಯುವಾಗ ತೀವ್ರ ಕಾಯಿಲೆಯಾಗಿ ಚೇತರಿಸಿಕೊಂಡಿದ್ದರು. ಸಂಘಕ್ಕೆ ಕೊನೆಯದಾಗಿ ಏನಾದರೂ ಹೇಳಬೇಕಾದದ್ದು ಉಳಿದಿರಬಹುದು ಎಂದು ಆನಂದರು ಕಾಯುತ್ತಿದ್ದರು. ಬುದ್ಧರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಾನು ಒಳಗಿನವರಿಗೊಂದು, ಹೊರಗಿನವರಿಗೊಂದು ಎಂದು ಭೇದ ಮಾಡಿ ಧಮ್ಮ ಹೇಳಿದವನಲ್ಲ. ಗುರುವು ಏನನ್ನೋ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುವ ಪದ್ಧತಿ ನನ್ನಲ್ಲಿಲ್ಲ.

ಮುಚ್ಚಿದ ಮುಷ್ಟಿ ಎಂಬ ಈ ಮಾತನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದು ಮನಸ್ಸಿಗೆ ನಾಟಿದ್ದು ಮಾತ್ರ ಈಚೆಗೆ, ನಮ್ಮ ವಿಹಾರದ ಬೀಗಕ್ಕೆ ಹೊಸ ಕೀ ಮಾಡಿಸುವ ಸಂದರ್ಭದಲ್ಲಿ.

ನಮ್ಮ ಬೀದಿಯ ವಿಹಾರಕ್ಕೆ ಇರುವುದು ಒಂದೇ ಬಾಗಿಲು, ಒಂದೇ ಬೀಗ. ಕೀ ಇರುತ್ತಿದ್ದದ್ದು ಒಬ್ಬರ ಹತ್ತಿರ. ಅವರು ಒಳ್ಳೆಯವರೇ, ವಿಹಾರಕ್ಕಾಗಿ ಸ್ವಂತ ಹಣ ಹಾಕಿದವರು. ಆದರೆ ಕೆಲಸಕ್ಕೆ ಪಕ್ಕದ ಊರಿಗೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಾರೆ. ಬಾಗಿಲ ಒಳಗೆ ಎರಡು ಬೀರು ಪುಸ್ತಕ, ಮೇಜು, ಫ್ಯಾನು, ಟ್ಯೂಬ್‌ಲೈಟು. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಬೀದಿದೀಪದ ಬೆಳಕಿನಲ್ಲಿ ಓದುತ್ತ ಕೂತ ಇಬ್ಬರು ಹೆಣ್ಣುಮಕ್ಕಳು. ದ್ವಿತೀಯ ಪಿಯುಸಿಯವರು. ಇಬ್ಬರ ಮನೆಯೂ ಒಂದೇ ಕೋಣೆಯದು. ಅಡುಗೆ, ಟಿವಿ, ತಮ್ಮಂದಿರ ಗಲಾಟೆ ಎಲ್ಲ ಅಲ್ಲೇ.

ಒಂದು ಭಾನುವಾರ ವಂದನೆ ಮುಗಿದ ಮೇಲೆ ಅವರಲ್ಲಿ ಒಬ್ಬಳು ಎದ್ದು ನಿಂತು, "ಮಾಮ, ನಮಗೂ ಒಂದು ಕೀ ಮಾಡಿಸಿಕೊಡಿ" ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. "ಎಲ್ಲರ ಕೈಗೂ ಕೀ ಕೊಟ್ಟರೆ ಸಾಮಾನು ಉಳಿಯುತ್ತಾ?" ಎಂದರು ಒಬ್ಬರು. "ಹೆಣ್ಣುಮಕ್ಕಳು ಬಾಗಿಲು ತೆಗೆದು ಕೂತಾಗ ನಾಳೆ ಒಂದು ಮಾತು ಬಂದರೆ ಯಾರು ಹೊಣೆ?" ಎಂದರು ಇನ್ನೊಬ್ಬರು.

ಆಗ ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಮಾತಾಡಿದರು. "ನಾನು ಚಿಕ್ಕೋಳಿದ್ದಾಗ ಊರ ಬಾವಿ ಹತ್ರ ಕೊಡ ಇಟ್ಕೊಂಡು ನಿಂತಿರ್ತಿದ್ದೆ, ಯಾರಾದ್ರೂ ಸೇದಿ ಹೊಯ್ತಾರೇನೋ ಅಂತ. ನಾವೇ ಸೇದ್ಕೋತೀವಿ ಅಂದ್ರೆ ನೀರು ಕೆಡ್ತದೆ ಅನ್ನೋರು. ಈಗ ನಮ್ಮ ಬಾಗ್ಲಲ್ಲೇ ನಮ್ಮ ಮಕ್ಳು ಹಂಗೇ ನಿಂತ್ಕಂಡು ಕಾಯ್ಬೇಕಾ?"

ಅದಾದ ಮೇಲೆ ಯಾರೂ ಎದುರಾಡಲಿಲ್ಲ. ಐದು ಕೀ ಮಾಡಿಸುವುದೆಂದು ತೀರ್ಮಾನವಾಯಿತು. ಒಂದು ಓದುವ ಮಕ್ಕಳಿಗೆ, ಒಂದು ಮಹಿಳಾ ಸಂಘಕ್ಕೆ, ಮಿಕ್ಕವು ಹತ್ತಿರದ ಮೂರು ಮನೆಗಳಿಗೆ. ಮಾಡಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ಬಸ್‌ಸ್ಟ್ಯಾಂಡಿನ ಪಕ್ಕ ಟಾರ್ಪಾಲಿನ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂರುವ ಒಬ್ಬ ಭಾಯ್ ಇದ್ದಾರೆ. ಬೀಗ ರಿಪೇರಿ, ಡೂಪ್ಲಿಕೇಟ್ ಕೀ ಅವರ ಕಸುಬು. ಅವರು ಕೀ ಮುಟ್ಟುವ ಮುಂಚೆ ಕೇಳಿದ್ದು, "ಯಾರ ಬೀಗ ಮೇಷ್ಟ್ರೇ ಇದು?" ನಾನು ಸಂಘದ ಪತ್ರ ತೋರಿಸಿದೆ. ಅವರು ಓದಿ ವಾಪಸ್ ಕೊಟ್ಟರು. "ತಪ್ಪು ತಿಳೀಬೇಡಿ. ಕೆಲವರು ಸೋಪಿನ ಮೇಲೆ ಕೀ ಅಚ್ಚು ಒತ್ತಿಕೊಂಡು ಬರ್ತಾರೆ. ಎರಡರಷ್ಟು ದುಡ್ಡು ಕೊಡ್ತೀನಿ ಅಂತಾರೆ. ನಾನು ಮಾಡಲ್ಲ. ನಾನು ಮಾಡಿದ ಕೀಯಿಂದ ಒಬ್ಬರ ಮನೆ ಹೋದ್ರೆ ಅದರಲ್ಲಿ ನನ್ನ ಕೈಯೂ ಇದ್ದ ಹಾಗೆ." ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ಆಜೀವ ಎಂದು ನಾವು ಪಠಿಸುವುದು ಇದನ್ನೇ. ಬೇರೆಯವರಿಗೆ ಕೇಡಾಗುವ ಹಣವನ್ನು ಮುಟ್ಟದೆ ಬದುಕುವುದು. ನಮ್ಮ ಧಮ್ಮದ ಹೆಸರು ಹೇಳದ ಮನುಷ್ಯರಲ್ಲೂ ಶೀಲ ಇರುತ್ತದೆ. ಅದನ್ನು ಕಂಡಾಗ ಕೈಮುಗಿಯಬೇಕು.

ಆಮೇಲೆ ಕೀಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಂಪನಿ ಕೀ ಅಲ್ಲ, ಡೂಪ್ಲಿಕೇಟು. ಅಸಲು ಇದ್ದರೆ ತನ್ನಿ. ಬೀಗಾನೂ ತನ್ನಿ" ಎಂದರು. ಕಾರಣವನ್ನೂ ಹೇಳಿದರು. ನಕಲು ಮಾಡುವಾಗ ಎಷ್ಟೇ ಹುಷಾರಾಗಿದ್ದರೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ನಕಲಿನಿಂದ ನಕಲು ತೆಗೆದರೆ ಆ ವ್ಯತ್ಯಾಸ ಕೂಡುತ್ತ ಹೋಗುತ್ತದೆ. ಮೊದಲನೆಯದು ಸರಾಗ, ಎರಡನೆಯದು ಬಿಗಿ, ಮೂರನೆಯದು ಸಿಕ್ಕಿಹಾಕಿಕೊಳ್ಳುತ್ತದೆ. "ನಾಲ್ಕನೇದು ನೋಡೋಕೆ ಕೀ ಥರ ಇರುತ್ತೆ, ಅಷ್ಟೇ" ಎಂದು ನಕ್ಕರು.

ಅಸಲು ಖಜಾಂಚಿಯವರ ಮನೆಯಲ್ಲಿ ಸಿಕ್ಕಿತು. ಬೀಗವನ್ನೂ ತೆಗೆದುಕೊಂಡು ಹೋದೆ. ಭಾಯ್ ಅಸಲು ಕೀ ಮತ್ತು ಹಲ್ಲಿಲ್ಲದ ಹೊಸ ಹಿತ್ತಾಳೆ ಕೀ ಎರಡನ್ನೂ ಜೋಡಿಸಿ ವೈಸಿನಲ್ಲಿ ಬಿಗಿದು, ಅರ ಹಿಡಿದು ತಿಕ್ಕತೊಡಗಿದರು. ಸ್ವಲ್ಪ ತಿಕ್ಕುವುದು, ನೋಡುವುದು, ಮತ್ತೆ ಸ್ವಲ್ಪ ತಿಕ್ಕುವುದು. ಬೀಗದೊಳಗೆ ಲಿವರುಗಳಿರುತ್ತವೆ. ಪ್ರತಿಯೊಂದೂ ತನಗೆ ಗೊತ್ತುಮಾಡಿದ ಎತ್ತರಕ್ಕೇ ಏಳಬೇಕು. ಕಡಿಮೆ ಎದ್ದರೂ ಬೀಗ ತೆರೆಯುವುದಿಲ್ಲ, ಹೆಚ್ಚು ಎದ್ದರೂ ತೆರೆಯುವುದಿಲ್ಲ. ಮಧ್ಯಮ ಮಾರ್ಗ ಎಂದರೆ ಅರ್ಧಕ್ಕೆ ನಿಲ್ಲುವುದಲ್ಲ, ಸರಿಯಾದ ಅಳತೆಗೆ ನಿಲ್ಲುವುದು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊನೆಯಲ್ಲಿ ಕೀಗೆ ಮೇಣದಬತ್ತಿಯ ಮಸಿ ಹಿಡಿಸಿ ಬೀಗಕ್ಕೆ ಹಾಕಿ ತಿರುಗಿಸಿದರು. ಹೊರಗೆ ತೆಗೆದಾಗ ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಇನ್ನೂ ತಿಕ್ಕಬೇಕು ಎಂದರ್ಥ. ಐದು ಕೀಯನ್ನೂ ಒಂದೊಂದಾಗಿ ಬೀಗಕ್ಕೆ ಹಾಕಿ, ತೆರೆದು, ಮುಚ್ಚಿ, ಆಮೇಲೆಯೇ ನನ್ನ ಕೈಗೆ ಕೊಟ್ಟರು.

ಬಂಧುಗಳೇ, ಇದರಲ್ಲಿ ನಮಗೆ ಮೂರು ಮಾತುಗಳಿವೆ.

ಮೊದಲನೆಯದು, ಅಸಲಿಗೆ ಹೋಗುವುದು. ಗೃಹಪ್ರವೇಶದಲ್ಲಿ ನಾವು ಬುದ್ಧರ ಮೂರ್ತಿ ಇಡುತ್ತೇವೆ, ಆದರೆ ರಾಹುಕಾಲ ನೋಡಿ ಇಡುತ್ತೇವೆ. ಮದುವೆಯಲ್ಲಿ ತ್ರಿಸರಣ ಪಂಚಶೀಲ ಹೇಳಿಸುತ್ತೇವೆ, ಅದಕ್ಕೂ ಮುಂಚೆ ಜಾತಕ ತೋರಿಸಿರುತ್ತೇವೆ. ಅಪ್ಪ ಮಾಡಿದ್ದನ್ನು ಮಗ, ಮಗ ಮಾಡಿದ್ದನ್ನು ಮೊಮ್ಮಗ ನೋಡಿ ಮಾಡುತ್ತ ಹೋದರೆ 22 ಪ್ರತಿಜ್ಞೆಗಳಲ್ಲಿ ಬಿಟ್ಟುಬಂದದ್ದೆಲ್ಲ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಈ ಮೊಬೈಲಿನಲ್ಲೂ ಅದೇ ಕಥೆ. ಬಾಬಾಸಾಹೇಬರ ಫೋಟೊ ಹಾಕಿ, ಅವರು ಎಂದೂ ಆಡದ ಮಾತನ್ನು ಬರೆದು ಕಳಿಸುತ್ತಾರೆ. ನಾವು ನೋಡದೆ ಮುಂದಕ್ಕೆ ಕಳಿಸುತ್ತೇವೆ. ಅವರ ಬರಹಗಳು ಮತ್ತು ಭಾಷಣಗಳ ಸಂಪುಟಗಳು ಕನ್ನಡದಲ್ಲಿ ಇವೆ. ಬುದ್ಧ ಮತ್ತು ಆತನ ಧಮ್ಮ ಕನ್ನಡದಲ್ಲಿ ಇದೆ. ಅಸಲು ಕೈಗೆಟಕುವ ಹಾಗಿರುವಾಗ ನಾಲ್ಕನೇ ನಕಲು ನಮಗೇಕೆ?

ಎರಡನೆಯದು, ಬೀಗಕ್ಕೆ ಹಾಕಿ ನೋಡುವುದು. ಕೇಸಪುತ್ತದ ಕಾಲಾಮರು, ಬಂದ ಗುರುಗಳೆಲ್ಲ ತಮ್ಮದೇ ಸರಿ ಎನ್ನುತ್ತಾರೆ, ಯಾರನ್ನು ನಂಬೋಣ ಎಂದು ಬುದ್ಧರನ್ನು ಕೇಳಿದರು. ಪರಂಪರೆ ಎಂದಾಗಲಿ, ಗ್ರಂಥದಲ್ಲಿದೆ ಎಂದಾಗಲಿ, ಹೇಳುವವನು ನಮ್ಮ ಗುರು ಎಂದಾಗಲಿ ಒಪ್ಪಬೇಡಿ. ಆಚರಿಸಿದರೆ ಹಿತವೋ ಅಹಿತವೋ ಎಂದು ನೀವೇ ಅರಿತು ಒಪ್ಪಿ ಎಂಬುದು ಬುದ್ಧರ ಉತ್ತರದ ಸಾರ. ಕೀ ಎಷ್ಟು ಹೊಳೆಯುತ್ತದೆ ಎಂಬುದು ಮುಖ್ಯವಲ್ಲ, ಬಾಗಿಲು ತೆರೆಯಿತೇ ಎಂಬುದು ಮುಖ್ಯ. ನನ್ನ ಧ್ಯಾನದಿಂದ ಮನೆಯಲ್ಲಿ ಸಿಟ್ಟು ಕಡಿಮೆಯಾಯಿತೇ? ನನ್ನ ಪಂಚಶೀಲದಿಂದ ಸಂಜೆಯ ಕುಡಿತ ನಿಂತಿತೇ? ಉತ್ತರ ಇಲ್ಲ ಎಂದಾದರೆ ಬೀಗವನ್ನು ಬೈಯುವುದು ಬೇಡ. ಮಸಿ ಅಳಿಸಿದ ಜಾಗ ನೋಡಿ ಮತ್ತೆ ಅರ ಹಿಡಿಯೋಣ.

ಮೂರನೆಯದು, ಎಲ್ಲರ ಕೈಗೆ ಕೊಡುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಮಹಾಸ್ಥವಿರ ಚಂದ್ರಮಣಿಯವರಿಂದ ಬಾಬಾಸಾಹೇಬರು ಮತ್ತು ಮಾಯಿಸಾಹೇಬರು ತ್ರಿಸರಣ ಪಂಚಶೀಲ ಸ್ವೀಕರಿಸಿದರು. ಅನಂತರ ಬಾಬಾಸಾಹೇಬರು ತಾವೇ ಜನರ ಕಡೆ ತಿರುಗಿ, ನೆರೆದಿದ್ದ ಲಕ್ಷಾಂತರ ಮಂದಿಗೆ ತ್ರಿಸರಣ, ಪಂಚಶೀಲ, 22 ಪ್ರತಿಜ್ಞೆಗಳನ್ನು ಕೊಟ್ಟರು. ಚೀವರ ತೊಡದ ಒಬ್ಬ ಗೃಹಸ್ಥ, ತಾನು ಪಡೆದದ್ದನ್ನು ಅದೇ ದಿನ, ಅದೇ ಮೈದಾನದಲ್ಲಿ ಎಲ್ಲರಿಗೂ ಹಂಚಿದರು. ಓದುಬರಹ ಬಂದವರಿಗೆ ಮೊದಲು, ಗಂಡಸರಿಗೆ ಮೊದಲು ಎನ್ನಲಿಲ್ಲ. 53 ದಿನ ಕಳೆದು ಡಿಸೆಂಬರ್ 6ರಂದು ಅವರು ಪರಿನಿಬ್ಬಾಣ ಹೊಂದಿದರು. ಕೀಯನ್ನು ತಮ್ಮೊಬ್ಬರ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದರೆ ಆ ಬಾಗಿಲು ಅಂದೇ ಮುಚ್ಚಿಹೋಗುತ್ತಿತ್ತು. ಹಂಚಿದ್ದರಿಂದ ಇಂದು ನಾವು ನೀವು ಈ ಮಾತಾಡುತ್ತಿದ್ದೇವೆ.

ಬುದ್ಧರ ಸಂಘದ ಬಾಗಿಲೂ ಹಾಗೆಯೇ ತೆರೆಯಿತು. ಕ್ಷೌರಿಕನಾಗಿದ್ದ ಉಪಾಲಿಗೆ, ಕಸ ಗುಡಿಸುತ್ತಿದ್ದ ಸುನೀತನಿಗೆ, ಮಹಾಪ್ರಜಾಪತಿ ಗೌತಮಿಗೆ. 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರು ನಡೆದು ಹೋದದ್ದು ಸೇದಿ ಹೊಯ್ಯುವವರಿಗಾಗಿ ಕಾಯುವುದನ್ನು ನಿಲ್ಲಿಸಲು. ಹೀಗಿರುವಾಗ ನಮ್ಮ ವಿಹಾರದ ಮೆಟ್ಟಿಲ ಮೇಲೆ ನಮ್ಮದೇ ಮಕ್ಕಳು ಕಾದು ಕೂರುವುದು ಧಮ್ಮಕ್ಕೆ ಒಪ್ಪುವುದಿಲ್ಲ.

ಹಂಚಿದರೆ ಶಿಸ್ತು ಹೋಗುತ್ತದೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಉಪಾಯ ಬೀಗ ಬಿಗಿಮಾಡುವುದಲ್ಲ, ಹೊಣೆಯನ್ನೂ ಹಂಚುವುದು. ನಮ್ಮಲ್ಲಿ ಈಗ ಬಾಗಿಲ ಹಿಂದೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ತೆರೆದವರು ಹೆಸರು, ಹೊತ್ತು ಬರೆಯಬೇಕು. ಹೋಗುವಾಗ ಗುಡಿಸಿ, ಫ್ಯಾನು ಆರಿಸಿ, ಬೀಗ ಹಾಕಬೇಕು. ಮೂರು ತಿಂಗಳಾಯಿತು. ಆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಇರುವುದು ಆ ಇಬ್ಬರು ಮಕ್ಕಳ ಹೆಸರು. ವಿಹಾರ ಮುಂಚಿಗಿಂತ ಚೊಕ್ಕಟವಾಗಿದೆ.

ಇಂದು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಊರಿನ ವಿಹಾರದ, ಅಂಬೇಡ್ಕರ್ ಭವನದ ಕೀ ಎಷ್ಟು ಜನರ ಹತ್ತಿರ ಇದೆ, ಅದರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಮನೆಯಲ್ಲಿ ಬೀರುವಿನ ಕೀ, ಬ್ಯಾಂಕ್ ಪಾಸ್‌ಬುಕ್ಕು, ಎಟಿಎಂ ಕಾರ್ಡು ಒಬ್ಬರ ಕೈಯಲ್ಲೇ ಇದ್ದರೆ, ಹೆಂಡತಿಯನ್ನೋ ಸೊಸೆಯನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ತೋರಿಸಿ. ಧಮ್ಮದ ಒಂದು ಪುಟವನ್ನು ಓದಲು ಬಾರದ ಒಬ್ಬರಿಗೆ ಇಂದು ರಾತ್ರಿ ಓದಿ ಹೇಳಿ. ನಾಳೆ ಅವರು ಇನ್ನೊಬ್ಬರಿಗೆ ಹೇಳುತ್ತಾರೆ.

ಸಕಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.