ಹದಿನಾರಾಣೆಯ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಹಿರಿಯರು ಒಂದು ಮಾತು ಪೂರಾ ಖರೆ ಅನ್ನಬೇಕಾದರೆ ‘ಹದಿನಾರಾಣೆ ಖರೆ’ ಅಂತಾರೆ. ಆಣೆ ಹೋಗಿ ಆರು ದಶಕ ದಾಟಿತು, ಮಾತು ಉಳಿದಿದೆ. ಆದರೆ ಆ ಕಾಲದಲ್ಲಿ ದುಡಿದ ನಮ್ಮವರ ಕೈಗೆ ಹದಿನಾರೂ ಆಣೆ ಬಂದವೇ? ರೊಕ್ಕಕ್ಕೆ ಜಾತಿ ಇಲ್ಲ ಅಂತಾರಲ್ಲ, ಅದು ಖರೆಯೇ?

ರೊಕ್ಕಕ್ಕೂ ಮೊದಲಿನ ಮಾತು ನೋಡೋಣ. ಊರ ಚಾಕರಿ ಮಾಡಿದ ದಲಿತರಿಗೆ ಸಿಗುತ್ತಿದ್ದುದು ಪಗಾರವಲ್ಲ. ಸುಗ್ಗಿಯಲ್ಲಿ ಕಣದಂಚಿಗೆ ನಿಂತು ಕೇಳಿ ತರುವ ಆಯ. ಕೊಡುವವನ ಮನಸ್ಸೇ ಅದರ ಅಳತೆ. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನ ರದ್ದು ಮಾಡಿದರು. ಎಣಿಸಿ ಕೊಡುವ ಕೂಲಿ ಸಣ್ಣ ಬಿಡುಗಡೆಯೇ ಸರಿ. ನಾಕಾಣೆ ಅಂದರೆ ನಾಕಾಣೆ, ಅದಕ್ಕೆ ಕೈಮುಗಿದು ನಿಲ್ಲಬೇಕಿಲ್ಲ. ಆದರೆ ಆ ನಾಣ್ಯವನ್ನೂ ಅಂಗೈ ಮುಟ್ಟದೆ ಮೇಲಿಂದ ಬೀಳಿಸಿದರು.

ರೂಪಾಯಿಯ ಬೆಲೆಯನ್ನು ಮೇಲೆ ಕೂತವರು ಅಲುಗಿಸಿದರೆ ಕೆಳಗೆ ಯಾರು ಸೋಲುತ್ತಾರೆ? ರೂಪಾಯಿಯ ಸಮಸ್ಯೆ ಕುರಿತು ಅಂಬೇಡ್ಕರರು ಬರೆದ ಗ್ರಂಥ 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪದಾರ್ಥದ ಬೆಲೆ ಓಡುತ್ತದೆ, ಕೂಲಿ ಹಿಂದೆ ಬೀಳುತ್ತದೆ. ಆದ್ದರಿಂದ ಸರಕಾರ ಮನಬಂದಂತೆ ರೂಪಾಯಿ ಹೊರಡಿಸಬಾರದು ಎಂಬುದು ಅವರ ವಾದ. 1925ರ ಏಪ್ರಿಲ್‌ನಲ್ಲಿ ಅವರು ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ರೂಪಾಯಿಯ ಬಗ್ಗೆ ಸಾಕ್ಷಿ ಹೇಳಿದರು. ನಮ್ಮ ಪಾಲಿಗೆ ಇವೆರಡೂ ಒಂದೇ ಕೆಲಸ. ಮನುಷ್ಯನ ಬೆಲೆ ಬೇರೆ, ಅವನ ಕೂಲಿಯ ಬೆಲೆ ಬೇರೆ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1957ರ ಏಪ್ರಿಲ್ 1ರಂದು, ನಯಾ ಪೈಸೆ ಬಂತು. ಅಲ್ಲಿಯ ತನಕ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಆಮೇಲೆ 100 ನಯಾ ಪೈಸೆ. ಲೆಕ್ಕಕ್ಕೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ! ಅರ್ಧ ಮತ್ತು ಅದಕ್ಕಿಂತ ಕಡಿಮೆ ಚೂರನ್ನು ಬಿಡಬೇಕೆಂಬುದು ನಿಯಮ. ಹೀಗೆ ಆಣೆಗೆ ಆರೇ ಆಯಿತು. ಹದಿನಾರಾಣೆಯನ್ನು ಒಟ್ಟಿಗೆ ಪಡೆದವನಿಗೆ 100. ಹದಿನಾರು ಸಲ ಒಂದೊಂದಾಣೆ ಪಡೆದವನಿಗೆ 96. ಕೊಳ್ಳುವಾಗಲೂ ಅದೇ ನಿಯಮವಲ್ಲವೇ ಅನ್ನಬಹುದು. ನಿಜ. ಆದರೆ ಅಂಗಡಿಯವನು ಆರೂಕಾಲನ್ನು ಏಳು ಮಾಡಿದರೆ ಕೇಳುವ ಧೈರ್ಯ ಯಾರಿಗಿತ್ತು? ಚೂರು ಚೂರಾಗಿ ದುಡಿದು, ಚೂರು ಚೂರಾಗಿ ಕೊಳ್ಳುವವರು ಬಡವರೇ.

ನಿಪ್ಪಾಣಿಯ ಬೀಡಿ ಸುತ್ತುವ ಅವ್ವಂದಿರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಾವಿರಕ್ಕೆ ಇಷ್ಟು ಅಂತ ಕೂಲಿ; ‘ಚಲೋ ಇಲ್ಲ’ ಅಂತ ಒಂದಿಷ್ಟು ಬೀಡಿ ತೆಗೆದಿಟ್ಟರೆ ಆ ದುಡಿಮೆ ಲೆಕ್ಕಕ್ಕೇ ಇಲ್ಲ. 1964ರಲ್ಲಿ ‘ನಯಾ’ ಎಂಬ ಹೆಸರು ಹೋಯಿತು, 2011ರಲ್ಲಿ ನಾಕಾಣೆಯ ನಾಣ್ಯವೇ ಹೋಯಿತು. ತೆಗೆದಿಡುವ ಕೈ ಮಾತ್ರ ತಾನಾಗಿ ಹೋಗಲಿಲ್ಲ. 1980ರ ದಶಕದಲ್ಲಿ ಇಲ್ಲಿನ ತಂಬಾಕು, ಬೀಡಿಯ ಹೆಣ್ಣುಮಕ್ಕಳು ಸಂಘ ಕಟ್ಟಿ ನಿಂತಾಗಲೇ ಆ ಕೈಯನ್ನು ಕೇಳುವವರು ಹುಟ್ಟಿದ್ದು.

ರೊಕ್ಕಕ್ಕೆ ಜಾತಿ ಇಲ್ಲದಿರಬಹುದು, ಲೆಕ್ಕ ಹಾಕುವವನಿಗೆ ಇದೆ. ಅದಕ್ಕೇ ನಾಣ್ಯ ಬದಲಾದರೆ ಸಾಲದು, ಲೆಕ್ಕದ ಜಾಗದಲ್ಲಿ ನಾವೂ ಕೂತಿರಬೇಕು. ಹಳ್ಳಿಯ ಮಾಸ್ತರ ಗೆಳೆಯರೇ, ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮಕ್ಕಳಿಗೆ ಕೇಳಿ: ಬಿಡಿಬಿಡಿಯಾಗಿ ಎಣಿಸಿದರೆ ತೊಂಬತ್ತಾರು, ಕೂಡಿಸಿ ಎಣಿಸಿದರೆ ನೂರು. ಹಾಗಾದರೆ ನಾವು ಹ್ಯಾಂಗ ನಿಲ್ಲಬೇಕು?