ಹಿಡಿ ಜೋಳದ ಲೆಕ್ಕ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಒಂದು ತಗಡಿನ ಡಬ್ಬಿ ಇದೆ. ಹಿಂದೆ ಯಾವಾಗಲೋ ಬಿಸ್ಕತ್ತು ತುಂಬಿಕೊಂಡು ಬಂದ ಡಬ್ಬಿ. ಅದರ ಮುಚ್ಚಳದಲ್ಲಿ ನಾಣ್ಯ ಹೋಗುವಷ್ಟು ಸೀಳು ಕೊರೆದುಕೊಂಡಿದ್ದೇನೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅದಕ್ಕೆ ಒಂದೋ ಎರಡೋ ರೂಪಾಯಿ ಹಾಕುವುದು ನನ್ನ ರೂಢಿ. ತಿಂಗಳಿಗೊಮ್ಮೆ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಎಲ್ಲರ ಡಬ್ಬಿಗಳೂ ಬರಿದಾಗುತ್ತವೆ. ಹಳ್ಳಿಗಳಿಗೆ ಹೋಗುವ ಸುವಾರ್ತಿಕರಿಗೆ, ಹಾಸ್ಟೆಲಿನ ಮಕ್ಕಳ ಊಟಕ್ಕೆ, ಔಷಧಿ ಕೊಳ್ಳಲಾರದ ರೋಗಿಗಳಿಗೆ ಎಂದು ಆ ಹಣ ಹೋಗುತ್ತದೆ. ನಾವು ಅದನ್ನು ಮಿಷನ್ ಕಾಣಿಕೆ ಎನ್ನುತ್ತೇವೆ.

ಒಂದು ದಿನ ಪಕ್ಕದ ಮನೆಯ ಅಕ್ಕ ಕರಿಬೇವು ಕೇಳಲು ಬಂದವರು ನಾನು ನಾಣ್ಯ ಹಾಕುವುದನ್ನು ನೋಡಿದರು. ಅವರು ಲಿಂಗಾಯತರು, ಬಾಯಿ ನೇರ, ಮನಸ್ಸು ಇನ್ನೂ ನೇರ. "ಅಲ್ರೀ, ದುಡಿಯೋರು ನಿಮ್ಮ ಮನಿಯವರು. ಅವರ ದುಡ್ಡು ನೀವು ದಾನ ಮಾಡಿದ್ರ ಪುಣ್ಯ ಯಾರಿಗ್ರೀ?" ಎಂದರು. ನಾನು ನಕ್ಕು ಕರಿಬೇವು ಕಿತ್ತುಕೊಟ್ಟೆ. ಆದರೆ ಆ ಪ್ರಶ್ನೆ ಮಾತ್ರ ಅವರ ಸಂಗಡ ಹೋಗಲಿಲ್ಲ. ನನ್ನ ಅಡುಗೆಮನೆಯಲ್ಲೇ ಕೂತುಬಿಟ್ಟಿತು.

ನಾನು ಬೆಟಗೇರಿಯವಳು. ಗದಗಿನಲ್ಲಿ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿದು ಚಿತ್ತವಾಡ್ಗಿಗೆ ಸೊಸೆಯಾಗಿ ಬಂದವಳು. ನಮ್ಮ ತವರಿನ ಮನೆತನ ಬಾಸೆಲ್ ಮಿಷನ್ನಿನ ಕಾಲದಿಂದ ಕ್ರೈಸ್ತ ಮನೆತನ. ಆ ಮಿಷನ್ ಪೂರ್ತಿ ಲೂಥರನ್ ಸಂಸ್ಥೆಯೇನಲ್ಲ. ಲೂಥರನ್ನರೂ ರಿಫಾರ್ಮ್ಡ್ ಸಭೆಯವರೂ ಕೂಡಿ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕಟ್ಟಿದ್ದು. 1834ರಲ್ಲಿ ಅವರು ಮಂಗಳೂರಿಗೆ ಬಂದರು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದರು. ನನ್ನ ಅವ್ವನಿಗೆ ಈ ಚರಿತ್ರೆ ಯಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದುದು ಇಷ್ಟೇ: ರೊಟ್ಟಿಗೆ ಹಿಟ್ಟು ಬೀಸಲು ಜೋಳ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು. "ಅದು ನಮ್ಮದಲ್ಲ" ಎನ್ನುತ್ತಿದ್ದಳು. ಎಷ್ಟೋ ಸಲ ಆ ಹಿಡಿ ಕಡಿಮೆಯಾದದ್ದು ಅವಳ ತಾಟಿನ ರೊಟ್ಟಿಯಲ್ಲಿ. ಅಪ್ಪನ ಪಾಲಿನದು ಕಡಿಮೆಯಾಗಲಿಲ್ಲ, ನಮ್ಮದೂ ಆಗಲಿಲ್ಲ.

ಅಕ್ಕನ ಪ್ರಶ್ನೆಗೆ ನನಗೆ ಮೊದಲ ಉತ್ತರ ಸಿಕ್ಕಿದ್ದು ಅಲ್ಲಿಯೇ. ಸಂಬಳ ತರುವವರು ಒಬ್ಬರು, ಸರಿ. ಆದರೆ ತಂದ ಸಂಬಳವನ್ನು ಮೂವತ್ತು ದಿನಕ್ಕೆ ಎಳೆಯುವವಳು ಯಾರು? ಒಂದು ಸೇರಿನಲ್ಲಿ ಒಂದೂಕಾಲು ಸೇರಿನ ಕೆಲಸ ತೆಗೆಯುವವಳು ಯಾರು? ಆ ಉಳಿದ ಕಾಲು ಸೇರು ಅವಳ ದುಡಿಮೆಯೇ. ಮಾರ್ಟಿನ್ ಲೂಥರ್ 1525ರಲ್ಲಿ ಕೈಹಿಡಿದ ಕ್ಯಾಥರೀನಾ ಫಾನ್ ಬೋರಾ ಎಂಬಾಕೆ ದನ, ಹಂದಿ ಸಾಕಿ, ಹೊಲ ನೋಡಿಕೊಂಡು, ವಿದ್ಯಾರ್ಥಿಗಳಿಗೆ ಊಟ ವಸತಿ ಕೊಟ್ಟು ಆ ದೊಡ್ಡ ಮನೆಯನ್ನು ನಡೆಸಿದಳಂತೆ. ಲೂಥರನು ಬಂದವರಿಗೆಲ್ಲ ಧಾರಾಳವಾಗಿ ಕೊಡುತ್ತಿದ್ದ. ಹಾಗೆ ಕೊಡಲು ಮನೆಯಲ್ಲಿ ಏನಾದರೂ ಇರುವಂತೆ ನೋಡಿಕೊಂಡವಳು ಅವಳು. ಹಾಗಾದರೆ ದಾನಿ ಯಾರು? ಚರಿತ್ರೆ ಒಂದು ಹೆಸರನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯುತ್ತದೆ.

ಇನ್ನು ಪುಣ್ಯದ ಮಾತು. ನಮ್ಮ ನಂಬಿಕೆಯ ಪ್ರಕಾರ ಈ ಡಬ್ಬಿಯಿಂದ ನನಗೆ ಒಂದು ಕಾಸಿನ ಪುಣ್ಯವೂ ಬರುವುದಿಲ್ಲ. ಇದನ್ನು ಹೇಳಿದಾಗ ಅಕ್ಕ ದಂಗಾದರು. ಆದರೆ ಲೂಥರನು 1517ರಲ್ಲಿ ಎತ್ತಿದ ತಕರಾರಿನ ಮೂಲವೇ ಅದು. ಹಣ ಕೊಟ್ಟು ಪಾಪದ ದಂಡನೆಯಿಂದ ಬಿಡುಗಡೆಯ ಚೀಟಿ ಕೊಳ್ಳಬಹುದೆಂದು ಜನರನ್ನು ನಂಬಿಸುತ್ತಿದ್ದ ಕಾಲದಲ್ಲಿ, ದೇವರ ಕೃಪೆ ಮಾರಾಟದ ಸರಕಲ್ಲ, ಅದು ನಂಬಿಕೆಗೆ ಬಿಟ್ಟಿಯಾಗಿ ಸಿಗುವಂಥದು ಎಂದು ಸಾರಿದವನು ಅವನು. ಹಾಗಾದರೆ ಕೊಡುವುದೇಕೆ? ಬರಬೇಕಾದದ್ದು ಆಗಲೇ ಬಂದಾಗಿದೆ ಎಂಬುದಕ್ಕೆ. ಮಗು ಹುಟ್ಟಿದ ಮನೆಯವರು ಓಣಿಗೆಲ್ಲ ಪೇಢೆ ಹಂಚುವುದು ಮಗು ಹುಟ್ಟಲೆಂದು ಅಲ್ಲವಲ್ಲ!

ನಮಗೆ ಬಂದದ್ದು ಯಾರಿಂದ ಬಂತು ಎಂದು ಹಿಂದಕ್ಕೆ ನೋಡಿದರೆ ಸೋಜಿಗವಾಗುತ್ತದೆ. ಬಾಸೆಲ್ಲಿನಲ್ಲಿ ಕಾರ್ಲ್ ಸಾರಾಸಿನ್ ಎಂಬ ರೇಷ್ಮೆಪಟ್ಟಿಯ ಕಾರ್ಖಾನೆದಾರರು 1855ರಲ್ಲಿ ಒಂದು ವಂತಿಗೆ ಏರ್ಪಡಿಸಿದರು. ಅದರ ಹೆಸರೇ ಅರ್ಧ ಬಾಟ್ಸನ್ ವಂತಿಗೆ. ಬಾಟ್ಸನ್ ಎಂದರೆ ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ಅದರ ಅರ್ಧವನ್ನು ಬಡವರೂ ವಾರಕ್ಕೊಮ್ಮೆ ಕೊಡಬಹುದು ಎಂಬುದು ಲೆಕ್ಕ. ಅಂಥ ಕಾಸುಗಳು ಕೂಡಿಯೇ ಮಂಗಳೂರಿನ ಛಾಪಖಾನೆ, ನಮ್ಮ ಸೀಮೆಯ ಶಾಲೆಗಳು ನಡೆದವು. 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಗಿದ್ದು ಅದೇ ಛಾಪಖಾನೆಯಲ್ಲಿ. ಇಂದು ಯಾವ ಮತದವರೇ ಆಗಲಿ, ಕನ್ನಡದ ಒಂದು ಪದದ ಅರ್ಥ ತಿಳಿಯದೆ ಆ ನಿಘಂಟು ತೆರೆದರೆ ಯಾವಳೋ ಒಬ್ಬ ಕೂಲಿಯವಳ ಅರ್ಧ ಕಾಸಿಗೂ ಅಷ್ಟರಮಟ್ಟಿಗೆ ಋಣಿಗಳು. ಅವಳು ಕನ್ನಡ ಕೇಳಿರಲಿಲ್ಲ, ಬೆಟಗೇರಿ ನೋಡಿರಲಿಲ್ಲ.

ನಮ್ಮ ಹೊಸಪೇಟೆಯಿಂದ ಗುಂತಕಲ್ಲು ದಾಟಿ ಪೂರ್ವಕ್ಕೆ ಹೋದರೆ ಗುಂಟೂರು ಸಿಗುತ್ತದೆ. 1883ರಲ್ಲಿ ಅಲ್ಲಿಗೆ ಅಮೆರಿಕದ ಪೆನ್ಸಿಲ್ವೇನಿಯದಿಂದ ಆನ್ನಾ ಸಾರಾ ಕುಗ್ಲರ್ ಬಂದರು. ಕಳಿಸಿದ್ದು ಲೂಥರನ್ ಸ್ತ್ರೀಯರೇ ಕಟ್ಟಿಕೊಂಡ ಸಂಘ. ಅವರು ಓದಿದ್ದು ವೈದ್ಯಕೀಯ. ಆದರೆ ಆಗ ಸಂಘ ವೈದ್ಯೆಯನ್ನು ಕಳಿಸಲು ತಯಾರಿರಲಿಲ್ಲ, ಶಾಲೆಯ ಕೆಲಸಕ್ಕೆ ಹಚ್ಚಿತು. ಗಂಡಸು ಡಾಕ್ಟರಿಗೆ ಮೈ ತೋರಿಸಲಾರದೆ ಹೆಂಗಸರು ಮನೆಯೊಳಗೇ ನರಳುವುದನ್ನು ಕಂಡ ಕುಗ್ಲರ್ ಕೈಕಟ್ಟಿ ಕೂಡಲಿಲ್ಲ. ಪಾಠದ ಜೊತೆಗೇ ಔಷಧಿ ಕೊಟ್ಟರು, ಬರೆದು ಬರೆದು ಸಂಘವನ್ನು ಒಪ್ಪಿಸಿದರು. 1898ರಲ್ಲಿ ಆಸ್ಪತ್ರೆ ತೆರೆಯಿತು. 1930ರಲ್ಲಿ ಗುಂಟೂರಿನಲ್ಲೇ ಅವರು ಕಣ್ಣುಮುಚ್ಚಿದರು. ಆಸ್ಪತ್ರೆಗೆ ಮುಂದೆ ಅವರ ಹೆಸರೇ ಬಂತು. ಕೊಟ್ಟ ಹೆಂಗಸರ ಹೆಸರು ಯಾವ ಗೋಡೆಯ ಮೇಲೂ ಇರಲಾರದು.

ಇದನ್ನೆಲ್ಲ ಅಕ್ಕನಿಗೆ ಹೇಳಿದಾಗ ಅವರು ಇನ್ನೊಂದು ಪ್ರಶ್ನೆ ಇಟ್ಟರು. "ಔಷಧಿ ಕೊಟ್ಟು ಆಮ್ಯಾಲ ನಮ್ಮ ದೇವರ ಕಡೆ ಬರ್ರಿ ಅಂದ್ರ ಅದು ದಾನ ಅಲ್ಲ, ವ್ಯಾಪಾರ." ಈ ಮಾತಿಗೆ ನನ್ನಲ್ಲಿ ಸಿಟ್ಟು ಬರಲಿಲ್ಲ, ಯಾಕೆಂದರೆ ಅದು ನಿಜ. ಗಾಳದ ತುದಿಯ ಎರೆಹುಳವನ್ನು ಯಾರೂ ಮೀನಿಗೆ ಹಾಕಿದ ಅನ್ನ ಎನ್ನುವುದಿಲ್ಲ. ಕೃಪೆ ಬಿಟ್ಟಿಯಾಗಿ ಸಿಕ್ಕಿತು ಎನ್ನುವವರು ಗುಳಿಗೆಗೆ ಬೆಲೆ ಕಟ್ಟಿದರೆ ತಮ್ಮ ನಂಬಿಕೆಯನ್ನೇ ಸುಳ್ಳು ಮಾಡಿದಂತೆ. ನಾನು ಯೇಸುಸ್ವಾಮಿಯ ಹೆಸರನ್ನು ಮುಚ್ಚಿಡುವುದಿಲ್ಲ, ಯಾರಾದರೂ ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಆದರೆ ಹೇಳುವುದು ಬೇರೆ, ಹಸಿದವನ ಹಸಿವನ್ನು ಹಿಡಿದು ಎಳೆಯುವುದು ಬೇರೆ. ನಮ್ಮ ಕೂಟದಲ್ಲಿ ಹಣ ಎಲ್ಲಿಗೆ ಹೋಯಿತು, ಹೇಗೆ ಖರ್ಚಾಯಿತು ಎಂದು ಕೇಳುವುದನ್ನು ನಾನು ಕಲಿತದ್ದು ಅಕ್ಕನ ಈ ಮಾತಿನಿಂದ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಬರೆಯದಿದ್ದರೆ ಈ ಪ್ರಬಂಧ ಅರ್ಧ ಸುಳ್ಳಾಗುತ್ತದೆ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗ ನಮ್ಮ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ಗಣಿಗಾರಿಕೆಯಲ್ಲಿ ಅನ್ಯಾಯ ನಡೆದಿದ್ದು ನಿಜ, ನಿಲ್ಲಿಸಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ನನ್ನ ಯಜಮಾನರು ಅದಿರು ಲಾರಿಗಳ ಲೆಕ್ಕ ಬರೆಯುತ್ತಿದ್ದವರು. ಲಾರಿಗಳು ನಿಂತವು, ಲೆಕ್ಕವೂ ನಿಂತಿತು. ಕೆಂಪು ಧೂಳು ಕಡಿಮೆಯಾಯಿತೆಂದು ಊರು ಉಸಿರಾಡುತ್ತಿದ್ದಾಗ ನಮ್ಮ ಮನೆಯಲ್ಲಿ ಉಸಿರು ಬಿಗಿಯಾಗುತ್ತಿತ್ತು. ಮಗಳ ಪರೀಕ್ಷೆ ಫೀ ಕಟ್ಟಲು ಕೊನೆಯ ದಿನ. ಬಳೆ ಆಗಲೇ ಗಿರವಿಗೆ ಹೋಗಿದ್ದವು. ನಾನು ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಒಳಗಿದ್ದ ನಾನೂರ ಹನ್ನೆರಡು ರೂಪಾಯಿ ಎಣಿಸಿ ತೆಗೆದುಕೊಂಡೆ. ಎಣಿಸುವಾಗ ಅವ್ವನ ಮಾತು ಕಿವಿಯಲ್ಲಿತ್ತು: "ಅದು ನಮ್ಮದಲ್ಲ."

ಆ ತಿಂಗಳು ಕೂಟಕ್ಕೆ ತಲೆನೋವೆಂದು ಹೋಗಲಿಲ್ಲ. ಮುಂದಿನ ತಿಂಗಳೂ ಹೋಗಲಿಲ್ಲ. ಮೂರನೆಯ ತಿಂಗಳು ಕೂಟದ ಹಣಕಾಸು ನೋಡಿಕೊಳ್ಳುತ್ತಿದ್ದ ಹಿರಿಯಮ್ಮ ಮನೆಗೇ ಬಂದರು. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ತಗೊಂಡದ್ದು ದೊಡ್ಡ ತಪ್ಪಲ್ಲವ್ವ. ಕೇಳದೆ ತಗೊಂಡಿ ನೋಡು, ಅದು ತಪ್ಪು. ಆ ರೊಕ್ಕ ಕಷ್ಟದಾಗಿರೋರಿಗೆ ಅಂತ ಕೂಡಿಸ್ತೀವಿ. ಆ ಕಷ್ಟದವರು ಯಾವಾಗ್ಲೂ ದೂರದ ಊರಾಗ ಇರ್ತಾರ ಅಂತ ಯಾರು ಹೇಳಿದ್ರು ನಿನಗ? ನಮ್ಮ ಮುಂದ ಬಾಯಿ ಬಿಡಾಕ ನಿನಗ ನಾಚಿಕಿ ಆತು, ಅಲ್ಲ?"

ಆ ಮಾತು ನನ್ನನ್ನು ಚುಚ್ಚಿತು. ಹೌದು, ನಾಚಿಕೆ. ಇಷ್ಟು ವರ್ಷ ಕೊಡುವವಳಾಗಿ ಕೂಟದಲ್ಲಿ ಕೂತಿದ್ದೆ, ಕೇಳುವವಳಾಗಿ ಕೂಡಲು ಆಗಲಿಲ್ಲ. ಕದಿಯುವುದು ಕೈಚಾಚುವುದಕ್ಕಿಂತ ಸುಲಭವಾಗಿ ಕಂಡಿತು! ಹಾಗಾದರೆ ನನ್ನ ಕಾಣಿಕೆಯಲ್ಲಿ ಇಷ್ಟು ದಿನ ನಂಬಿಕೆ ಎಷ್ಟಿತ್ತು, ಮೇಲಿನ ಕೈ ನನ್ನದು ಎಂಬ ಹಮ್ಮು ಎಷ್ಟಿತ್ತು? ಬಿಟ್ಟಿಯಾಗಿ ಪಡೆದವಳು ಎಂದು ಬಾಯಲ್ಲಿ ಹೇಳಿಕೊಂಡವಳಿಗೆ ಪಡೆಯುವುದೇ ಬರುತ್ತಿರಲಿಲ್ಲ.

ಆಮೇಲೆ ಸುವಾರ್ತೆಯಲ್ಲಿನ ಬಡ ವಿಧವೆಯ ಕಥೆಯನ್ನು ಬೇರೆ ರೀತಿಯಲ್ಲಿ ಓದಿದೆ. ದೇವಾಲಯದ ಬೊಕ್ಕಸಕ್ಕೆ ಅವಳು ಎರಡು ಕಾಸು ಹಾಕಿದಳು, ಅದು ಅವಳ ಜೀವನವೆಲ್ಲ ಎಂದು ಯೇಸುಸ್ವಾಮಿ ಹೇಳಿದರು. ಸ್ತ್ರೀಯರ ಕೂಟಗಳಲ್ಲಿ ಈ ಕಥೆಯನ್ನು ಹೇಳದವರಿಲ್ಲ. ಆದರೆ ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಅವರು ಖಂಡಿಸುತ್ತಾರೆ. ಎರಡನ್ನೂ ಕೂಡಿಸಿ ಓದಬೇಕು. ಅವಳು ಕೊಟ್ಟದ್ದು ದೊಡ್ಡದು, ನಿಜ. ಆ ಸಂಜೆ ಅವಳ ಮನೆಯಲ್ಲಿ ಒಲೆ ಹತ್ತಿತೇ ಎಂದು ಕೇಳಬೇಕಾದವರು ಪೆಟ್ಟಿಗೆಯ ಪಕ್ಕ ಕೂತವರು. ವಿಧವೆಯ ಕಾಸನ್ನು ಹೊಗಳಿ ವಿಧವೆಯನ್ನು ಮರೆಯುವ ಸಭೆ ಮಿಷನ್ ಸಭೆಯಲ್ಲ.

ಇದನ್ನು ಅಕ್ಕನಿಗೆ ಹೇಳಿದಾಗ ಅವರು ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸಿದರು. ಕಲ್ಯಾಣದಲ್ಲಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ದಾಸೋಹಕ್ಕೂ ಆಸೆಯ ಅಕ್ಕಿ ಬೇಡ ಎಂದಳು ಅವಳು. ನಾನು ಆವತ್ತೇ ಅಂದುಕೊಂಡೆ, ನಮ್ಮ ಅವ್ವನ ಹಿಡಿ ಜೋಳ ಮತ್ತು ಈ ತಾಯಿಯ ಹಿಡಿ ಅಕ್ಕಿ ಒಂದೇ ಕಣಜದವು. ಒಬ್ಬಳು ತನ್ನ ಪಾಲಿನಿಂದ ತೆಗೆದಿಟ್ಟಳು, ಇನ್ನೊಬ್ಬಳು ತನ್ನ ಪಾಲಲ್ಲದ್ದನ್ನು ತಿರುಗಿ ಕೊಟ್ಟಳು. ದೂರದ ಮಿಜೋರಾಮಿನಲ್ಲಿಯೂ 1910ರಿಂದ ಕ್ರೈಸ್ತ ಹೆಂಗಸರು ಅಡುಗೆಗೆ ಮೊದಲು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುವ ಪದ್ಧತಿ ಇದೆ. ಹೆಂಗಸರ ಧರ್ಮ ಎಲ್ಲೆಲ್ಲಿಯೂ ಅಡುಗೆಮನೆಯಿಂದಲೇ ಶುರುವಾಗುವಂತಿದೆ.

ನಾನೂರ ಹನ್ನೆರಡು ರೂಪಾಯಿಯನ್ನು ತೀರಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಹಿರಿಯಮ್ಮ ಕೇಳಿರಲಿಲ್ಲ, ನಾನೇ ತೀರಿಸಿದೆ. ಈಗ ನಮ್ಮ ಕೂಟದ ಪುಸ್ತಕದಲ್ಲಿ ಒಂದು ಪುಟ ಬೇರೆ ಇದೆ. ನಮ್ಮಲ್ಲೇ ಯಾರಿಗಾದರೂ ತೊಂದರೆಯಾದರೆ ಬಾಯಿಬಿಟ್ಟು ಕೇಳಿ ಪಡೆಯುವುದಕ್ಕೆ. ಆ ಪುಟದಲ್ಲಿ ಹೆಸರು ಬರೆಸಲು ಮೊದಲು ಎಲ್ಲರೂ ಹಿಂಜರಿದರು. ನಾನು ನನ್ನ ಕಥೆ ಹೇಳಿದ ಮೇಲೆ ಇಬ್ಬರು ಬರೆಸಿದರು.

ನನ್ನ ಓದುಗ ಸಹೋದರಿಯರಿಗೆ ಹೇಳಬೇಕೆನಿಸುವುದು ಇಷ್ಟೇ. ಕೊಡಿ; ದೊಡ್ಡದಾಗಿ ಅಲ್ಲ, ದಿನಾಲೂ. ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕೇಳಿ. ನಿಮಗೆ ಬೇಕಾದ ದಿನ ಕೇಳಲು ನಾಚಬೇಡಿ.

ಮೊನ್ನೆ ಅಕ್ಕ ಮತ್ತೆ ಕರಿಬೇವಿಗೆ ಬಂದಿದ್ದರು. ಹೋಗುವಾಗ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ನಾಣ್ಯವೊಂದನ್ನು ಡಬ್ಬಿಯ ಸೀಳಿನಲ್ಲಿ ಹಾಕಿದರು. "ಆಸ್ಪತ್ರಿಗೆ ಅಂತ ಬರಕೊಳ್ರಿ. ಬ್ಯಾರೇದಕ್ಕ ಅಲ್ಲ ಮತ್ತ" ಎಂದರು. ನಾನು ಹಾಗೆಯೇ ಬರೆದುಕೊಂಡೆ.